ಸಂಶೋಧನೆಗೆ ಗುಮಾಸ್ತರೂ ಬೇಕು: ಮಕೆರೆರೆಯ ನಾಲ್ಕು ದಶಕ

ಉಗಾಂಡಾದ ಹಳ್ಳಿಗರು ‘ಸ್ಲಿಮ್’ ಎಂದು ಕರೆಯುತ್ತಿದ್ದ, ಮೈ ಕರಗಿಸುವ ಕಾಯಿಲೆಯ (ಏಡ್ಸ್‌ನ) ವರದಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದದ್ದು 1985ರಲ್ಲಿ. ಬರೆದವರ ಪೈಕಿ ಕಂಪಾಲಾದ ಡೇವಿಡ್ ಸೆರ್ವಾಡ್ಡಾ, ನೆಲ್ಸನ್ ಸೆವಾಂಕಾಂಬೊ ಇದ್ದರು. ಸರ್ವಾಧಿಕಾರಿ ಅಮೀನ್ ಕಾಲದ ಪೆಟ್ಟಿನಿಂದ ಅಲ್ಲಿನ ಮಕೆರೆರೆ ವಿಶ್ವವಿದ್ಯಾಲಯ ಇನ್ನೂ ಚೇತರಿಸಿಕೊಂಡಿರಲಿಲ್ಲ. 1988ರಲ್ಲಿ ಅಮೆರಿಕದ ಫೋಗಾರ್ಟಿ ಕೇಂದ್ರ ಏಡ್ಸ್ ಸಂಶೋಧಕರ ತರಬೇತಿ ಶುರುಮಾಡಿತು. ಉಗಾಂಡಾದ ರಕೈ ಜಿಲ್ಲೆಯ ದೊಡ್ಡ ಎಚ್‌ಐವಿ ಅಧ್ಯಯನ ಆರಂಭವಾದದ್ದೂ ಆ ಹೊತ್ತಿಗೇ. ವೈದ್ಯರು ಕಲಿತರು, ಪ್ರಬಂಧಗಳು ಬಂದವು. ಆದರೆ ಅನುದಾನದ ಖಾತೆ ಇದ್ದದ್ದು ಅಮೆರಿಕದ ಕ್ಲೀವ್‌ಲ್ಯಾಂಡ್, ಬಾಲ್ಟಿಮೋರ್‌ಗಳಲ್ಲಿ. ರೋಗಿಗಳು, ರಕ್ತದ ಮಾದರಿ, ದುಡಿಮೆ ಮಾತ್ರ ಕಂಪಾಲಾದ್ದು.

ಇದರ ಬೆಲೆ ತಿಳಿದದ್ದು ‘ಎಚ್‌ಐವಿನೆಟ್ 012’ ಪ್ರಯೋಗದಲ್ಲಿ. ಕಂಪಾಲಾದ ಮುಲಾಗೊ ಆಸ್ಪತ್ರೆಯಲ್ಲಿ ಹೆರಿಗೆ ನೋವು ಶುರುವಾದಾಗ ತಾಯಿಗೆ 200 ಮಿಲಿಗ್ರಾಂನ ಒಂದೇ ನೆವಿರಪಿನ್ ಮಾತ್ರೆ, ಹುಟ್ಟಿದ ಮೂರು ದಿನದೊಳಗೆ ಮಗುವಿಗೆ ಒಂದು ಗುಟುಕು ಔಷಧ. ಎಜೆಡ್‌ಟಿ ಔಷಧದ ಅಲ್ಪಾವಧಿಯ ಚಿಕಿತ್ಸೆಗೆ ಹೋಲಿಸಿದರೆ ತಾಯಿಯಿಂದ ಮಗುವಿಗೆ ಎಚ್‌ಐವಿ ಸೋಂಕು ತಗಲುವುದು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. 1999ರಲ್ಲಿ ಪ್ರಕಟವಾದ ಈ ಫಲಿತಾಂಶ ಬಡ ದೇಶಗಳಿಗೆ ವರವಾಯಿತು. ಆದರೆ ಔಷಧ ತಯಾರಿಸುವ ಕಂಪನಿ ಅಮೆರಿಕದಲ್ಲಿ ಪರವಾನಗಿ ಕೇಳಲು ಹೊರಟಾಗ ತಪಾಸಣೆಯವರು ಕಡತಗಳಿಗೆ ಕೈಹಾಕಿದರು. ಅಡ್ಡ ಪರಿಣಾಮಗಳ ದಾಖಲೆ ಅಲ್ಲಿನ ನಿಯಮ ಬಯಸುವಂತೆ ಇರಲಿಲ್ಲ. ಪ್ರಯೋಗವನ್ನು ಪರವಾನಗಿಗೆಂದು ರೂಪಿಸಿಯೇ ಇರಲಿಲ್ಲವಲ್ಲ! 2002ರಲ್ಲಿ ಅರ್ಜಿ ವಾಪಸಾಯಿತು, ವರ್ಷಗಟ್ಟಲೆ ಗುಲ್ಲೆದ್ದಿತು. 2005ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಫಲಿತಾಂಶ ನಂಬತಕ್ಕದ್ದೇ ಎಂದಿತು. ವಿಜ್ಞಾನ ಗೆದ್ದಿತ್ತು, ಕಾಗದಪತ್ರ ಸೋತಿತ್ತು.

ಆ ಹೊತ್ತಿಗೆ, 2004ರಲ್ಲಿ, ಮಕೆರೆರೆಯ ಸಾಂಕ್ರಾಮಿಕ ರೋಗಗಳ ಸಂಸ್ಥೆ ಬಾಗಿಲು ತೆರೆದಿತ್ತು. ಒಡೆತನ ವಿಶ್ವವಿದ್ಯಾಲಯದ್ದಾದರೂ ಆಡಳಿತ ಮಂಡಳಿ, ಲೆಕ್ಕಪತ್ರ ಸಂಸ್ಥೆಯದೇ. ಕಡತ ಚುರುಕಾಗಿ ಓಡಲು ಒಳ್ಳೆಯ ಉಪಾಯ. ಆದರೆ ಹೀಗೆ ಪಕ್ಕದಲ್ಲೊಂದು ಮನೆ ಕಟ್ಟಿಕೊಂಡರೆ ಹಳೆಯ ಮನೆಯ ಸೂರು ರಿಪೇರಿಯಾಗುವುದಿಲ್ಲ. ನಮ್ಮಲ್ಲೂ ನಡೆದದ್ದು ಇದೇ ಬಗೆ. 1980ರಿಂದ ನೈರೋಬಿ ವಿಶ್ವವಿದ್ಯಾಲಯದ ಜತೆಗಿದ್ದ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಕರ್ನಾಟಕಕ್ಕೆ ಬಂದ ಮೇಲೆ, 2003ರಲ್ಲಿ ಹುಟ್ಟಿದ್ದು ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್. ಅದರ ಕೆಲಸ ದೊಡ್ಡದು, ಆದರೆ ಅದು ಟ್ರಸ್ಟ್, ವಿಶ್ವವಿದ್ಯಾಲಯದ ಕಚೇರಿಯಲ್ಲ.

2010ರಲ್ಲಿ ಅಮೆರಿಕ ಆಫ್ರಿಕಾದ ವೈದ್ಯ ಶಿಕ್ಷಣಕ್ಕೆ 13 ಕೋಟಿ ಡಾಲರ್ ಯೋಜನೆ ಪ್ರಕಟಿಸಿ, ಮಕೆರೆರೆಯಂಥ ವಿಶ್ವವಿದ್ಯಾಲಯಗಳ ಕೈಗೇ ಹಣ ಕೊಟ್ಟಿತು. ಲೆಕ್ಕ ಒಪ್ಪಿಸುವುದು, ಖರೀದಿ, ನೈತಿಕ ಸಮಿತಿಯ ಅನುಮತಿ ಎಲ್ಲವೂ ಸ್ವಂತ ಹೊಣೆ. ನನ್ನ ಲೆಕ್ಕದಲ್ಲಿ ನಿಜವಾದ ತಿರುವು ಇದೇ.

ಆದರೂ ಕಚೇರಿ ನಡೆಸುವ ಖರ್ಚು ಯಾರದು? ವಿದೇಶಿ ಸಂಸ್ಥೆಗಳಿಗೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕೊಡುತ್ತ ಬಂದ ಆಡಳಿತ ವೆಚ್ಚ ಶೇ. 8 ಮಾತ್ರ. 2025ರ ಫೆಬ್ರುವರಿಯಲ್ಲಿ ಅದೇ ಸಂಸ್ಥೆ ತಮಗೆ ಶೇ. 15ರ ಮಿತಿ ಹೇರಹೊರಟಾಗ ಅಮೆರಿಕದ ವಿಶ್ವವಿದ್ಯಾಲಯಗಳು ಕೋರ್ಟಿಗೆ ಓಡಿದವು. ಮಕೆರೆರೆ ಅದರ ಹೆಚ್ಚುಕಡಿಮೆ ಅರ್ಧದಲ್ಲಿ ಗುಮಾಸ್ತರನ್ನು ಸಾಕಬೇಕಿತ್ತು.

ಅದೇ ವರ್ಷದ ಮೇ ತಿಂಗಳಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಮೆರಿಕದ ವಿಶ್ವವಿದ್ಯಾಲಯಗಳ ಮೂಲಕ ವಿದೇಶಗಳಿಗೆ ಉಪ-ಅನುದಾನ ಹಂಚುವ ಪದ್ಧತಿಯನ್ನು ಹೊಸ ಅನುದಾನಗಳಲ್ಲಿ ತಡೆಹಿಡಿಯಿತು. ಇನ್ನು ಮುಂದೆ ಹಣ ನೇರವಾಗಿ ಬರಬೇಕು, ಲೆಕ್ಕವೂ ನೇರವಾಗಿ ಹೋಗಬೇಕು. ಲೆಕ್ಕ ನಿಭಾಯಿಸುವ ಕಚೇರಿ ಕಟ್ಟಿಕೊಳ್ಳದ ವಿಶ್ವವಿದ್ಯಾಲಯಗಳಿಗೆ, ಅಲ್ಲಿ ಎಷ್ಟೇ ಒಳ್ಳೆಯ ವಿಜ್ಞಾನಿಗಳಿರಲಿ, ಈ ಹಣ ದಕ್ಕುವುದು ಕಷ್ಟ.