ದರಖಾಸ್ತು: ಅರ್ಜಿಯೇ ಹೊಲದ ಹೆಸರಾದದ್ದು

ನೆಲಮಂಗಲ, ದೊಡ್ಡಬಳ್ಳಾಪುರದ ಕಡೆಯ ಹಳ್ಳಿಗಳಲ್ಲಿ 'ನಮ್ಮದು ದರಖಾಸ್ತು ಜಮೀನು' ಎನ್ನುವವರು ಸಿಗುತ್ತಾರೆ. ಪಾರಸಿಯಿಂದ ಬಂದ ಈ ಮಾತಿನ ಅರ್ಥ ಕೋರಿಕೆ, ಅರ್ಜಿ ಎಂದಷ್ಟೆ. ಸರಕಾರಕ್ಕೆ ಅರ್ಜಿ ಕೊಟ್ಟು ಪಡೆದ ನೆಲಕ್ಕೆ ಅರ್ಜಿಯ ಹೆಸರೇ ಅಂಟಿಕೊಂಡಿದೆ.

ಅರ್ಜಿ ಬರೆಯದೆ ನೆಲ ಸಿಗುತ್ತಿದ್ದ ಕಾಲವೂ ಇತ್ತು. ಕೆರೆ ಕಟ್ಟಿಸಿದವನಿಗೆ, ಒಡೆದ ಏರಿಯನ್ನು ಸರಿಪಡಿಸಿದವನಿಗೆ ಕೆರೆಯ ಕೆಳಗಿನ ಗದ್ದೆಯಲ್ಲಿ ಪಾಲು ಬಿಡುತ್ತಿದ್ದರು. ಅದೇ ಕಟ್ಟುಕೊಡಗೆ. ದೇವನಹಳ್ಳಿ, ಹೊಸಕೋಟೆ ಸೇರಿದಂತೆ ಈ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟವಾಗಿ ಪ್ರಕಟಿಸಿದರು. ಅದನ್ನು ತಿರುವಿಹಾಕಿದರೆ ದತ್ತಿ, ಕೊಡಗೆಗಳ ಮಾತೇ ಮತ್ತೆ ಮತ್ತೆ ಬರುತ್ತದೆ. ದಾನಕ್ಕೆ ಅಳಿಪಿದವನಿಗೆ ಗೋಹತ್ಯೆಯ ಪಾಪ ಬರಲೆಂಬ ಶಾಪ ಇಂಥ ಕಲ್ಲುಗಳಲ್ಲಿ ಸಾಮಾನ್ಯ. ಕೊಟ್ಟದ್ದು ಕೈತಪ್ಪಿ ಹೋಗುತ್ತದೆಂಬ ಭಯ ಆಗಲೇ ಇತ್ತೆನ್ನಬೇಕು.

ಕಮಿಷನರುಗಳ ಆಳ್ವಿಕೆಯಲ್ಲಿ, 1860ರ ದಶಕದಲ್ಲಿ, ಇನಾಂ ಕಮಿಷನ್ ಬಂದು ಇನಾಂದಾರರ ಸನ್ನದುಗಳನ್ನು ಪರಿಶೀಲಿಸಿತು. ಕಲ್ಲು ಕೂತಿದ್ದ ಜಾಗದಲ್ಲಿ ಕಾಗದ ಬಂದು ಕೂತಿತು. ಇನಾಮುಗಳು ರದ್ದಾದದ್ದು 1954, 1955ರ ಕಾಯಿದೆಗಳಿಂದ.

ಭೂಹೀನರ ಪಾಲಿಗೆ ಇದ್ದದ್ದು ದರಖಾಸ್ತು. ದಲಿತರಿಗೆ ಕೊಟ್ಟ ಜಮೀನನ್ನು ಇಂತಿಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತು ಆದೇಶದಲ್ಲೇ ಇರುತ್ತಿತ್ತು. ಆದರೂ ಮದುವೆಗೆ, ಸಾಲಕ್ಕೆ ಜಮೀನು ಕೈಬದಲಾಯಿತು. ಷರತ್ತು ಮೀರಿದ ಅಂಥ ಮಾರಾಟಗಳನ್ನು, ಹಿಂದಿನವನ್ನೂ ಸೇರಿಸಿ, ಅಸಿಂಧುವೆಂದು ಸಾರಿದ್ದು 1978ರ ಕಾಯಿದೆ; ಜನರ ಬಾಯಲ್ಲಿ ಪಿ.ಟಿ.ಸಿ.ಎಲ್. ಸುಪ್ರೀಂ ಕೋರ್ಟು 1984ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ 2017ರಲ್ಲಿ ಅದೇ ನ್ಯಾಯಾಲಯ, ಬಹಳ ತಡವಾಗಿ ಬಂದ ಅರ್ಜಿ ನಿಲ್ಲದೆಂದಿತು. ಓದು ಬಾರದ ಅಜ್ಜ ಹೆಬ್ಬೆಟ್ಟು ಒತ್ತಿ ಮಾರಿದ್ದು ಮೊಮ್ಮಗನಿಗೆ ತಿಳಿಯುವಷ್ಟರಲ್ಲಿ ಇಪ್ಪತ್ತು ವರ್ಷ ಕಳೆದಿರುವುದೇನೂ ಅಪರೂಪವಲ್ಲ. 2023ರ ತಿದ್ದುಪಡಿ ಈ ಕಾಲಮಿತಿಯ ಅಡ್ಡಿಯನ್ನು ತೆಗೆಯಿತು.

ಹುಕುಮೇ ಇಲ್ಲದೆ ಉತ್ತವರದು ಬೇರೆ ಕಥೆ. 'ಬಗರ್' ಎಂದರೆ ಹೊರತು. ಆದೇಶದ ಹೊರತಾದ ಸಾಗುವಳಿಯೇ ಬಗರ್ ಹುಕುಂ. ಸಕ್ರಮಕ್ಕೆ ಮೊದಲು ಫಾರಂ 50, ಆಮೇಲೆ 53, 2018ರಲ್ಲಿ 57 ಬಂದವು. ಈ ಕೊನೆಯದಕ್ಕೆ 2005ರ ಜನವರಿ 1ಕ್ಕೆ ಮುಂಚಿನಿಂದ ಸಾಗುವಳಿಯಲ್ಲಿರಬೇಕು. ಅರ್ಜಿ ಶಾಸಕರ ಅಧ್ಯಕ್ಷತೆಯ ಸಮಿತಿಯ ಮುಂದೆ ಹೋಗುತ್ತದೆ. ಒಪ್ಪಿಗೆಯಾದರೆ ತಹಶೀಲ್ದಾರರಿಂದ ಸಾಗುವಳಿ ಚೀಟಿ.

ಈ ಜಿಲ್ಲೆಯವರಿಗೆ ಇನ್ನೊಂದು ತೊಡಕಿದೆ. ಬೆಂಗಳೂರು ನಗರದ ಎಲ್ಲೆಯಿಂದ 18 ಕಿ.ಮೀ. ಒಳಗಿನ ನೆಲವನ್ನು ಸಕ್ರಮ ಮಾಡುವಂತಿಲ್ಲವೆಂದು ಕಾಯಿದೆ ಹೇಳಿದೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳನ್ನು ಸೇರಿಸಿಕೊಂಡು ಮಹಾನಗರ ಬೆಳೆಯಿತು. ಎಲ್ಲೆ ಹತ್ತಿರ ಬಂದಂತೆ ಆ 18 ಕಿ.ಮೀ.ಯ ಸುತ್ತೂ ಮುಂದಕ್ಕೆ ಸರಿಯುತ್ತದೆ. ಹೊಸಕೋಟೆ ಪಟ್ಟಣ ಈಗ ಅದರೊಳಗೇ ಇದೆ.