ಬೀಳಬಾರದು ಅಂತ ಕಟ್ಟಿದ ವಿಮಾನ ಮತ್ತು ಎರಡು ಇಂಚಿನ ಲೆಕ್ಕ

ಇಯರ್‌ಫೋನ್ ಹಾಕ್ಕೊಂಡಿದ್ದೀರಾ? ಇವತ್ತು ಒಂದು ವಿಚಿತ್ರ ಯಂತ್ರದ ಇತಿಹಾಸ. ಅಲ್ಯೂಮಿನಿಯಂ ಪೈಪಿನ ಚೌಕಟ್ಟು, ಮೂರು ಪುಟ್ಟ ಚಕ್ರ, ಒಂದು ಸೀಟು, ಬೆನ್ನ ಹಿಂದೆ ಎಂಜಿನ್, ತಲೆ ಮೇಲೆ ಎರಡು ಉದ್ದನೆಯ ಬ್ಲೇಡ್. ಬಾಗಿಲಿಲ್ಲ, ಕಿಟಕಿಯಿಲ್ಲ. ಮನೆ ಶೆಡ್ಡಿನಲ್ಲೇ ಜೋಡಿಸಿಕೊಂಡು, ಭಾನುವಾರ ಮಜಾ ಮಾಡೋಕೆ ಹಾರಿಸೋದು. ಹೆಸರು ಜೈರೋಕಾಪ್ಟರ್. ಆಟೋಜೈರೋ, ಜೈರೋಪ್ಲೇನ್ ಅಂತಲೂ ಕರೀತಾರೆ.

ನೋಡಿದ ತಕ್ಷಣ ಹೆಲಿಕಾಪ್ಟರ್ ಮರಿ ಅನ್ಸುತ್ತೆ. ಅಲ್ಲ. ಹೆಲಿಕಾಪ್ಟರಿನಲ್ಲಿ ಮೇಲಿನ ರೋಟರನ್ನು ಎಂಜಿನ್ ತಿರುಗಿಸುತ್ತೆ. ಇಲ್ಲಿ ಹಾರುವಾಗ ರೋಟರಿಗೂ ಎಂಜಿನ್ನಿಗೂ ಸಂಬಂಧವೇ ಇಲ್ಲ. ಎಂಜಿನ್ ಹಿಂದಿನ ಪ್ರೊಪೆಲ್ಲರ್ ತಿರುಗಿಸಿ ಗಾಡೀನ ಮುಂದಕ್ಕೆ ತಳ್ಳುತ್ತೆ, ಅಷ್ಟೇ. ಮುಂದೆ ಹೋಗ್ತಿದ್ದ ಹಾಗೆ ಗಾಳಿ ಕೆಳಗಿನಿಂದ ಮೇಲಕ್ಕೆ ರೋಟರಿನ ಮೂಲಕ ಹಾಯುತ್ತೆ, ಜಾತ್ರೆಯಲ್ಲಿ ಕೊಳ್ತೀವಲ್ಲ ಆ ಗಿರಿಗಿಟ್ಲೆ ಥರ ಅದು ತಾನಾಗಿ ತಿರುಗುತ್ತೆ. ತಿರುಗ್ತಾ ಎತ್ತಿ ಹಿಡಿಯುತ್ತೆ. ಮಧ್ಯ ಆಕಾಶದಲ್ಲಿ ಎಂಜಿನ್ ಆಫ್ ಆಯ್ತು ಅನ್ನಿ, ಕೆಳಗಿಳಿಯುವಾಗಲೂ ಗಾಳಿ ಹಾಯ್ತಾನೇ ಇರುತ್ತೆ, ರೋಟರ್ ತಿರುಗ್ತಾನೇ ಇರುತ್ತೆ. ಚಿಕ್ಕ ಹೊಲ ಸಿಕ್ಕರೂ ಸಾಕು, ಇಳಿಸಬಹುದು.

ಇಷ್ಟು ಕೇಳಿದ್ರೆ ಇದಕ್ಕಿಂತ ಸುರಕ್ಷಿತ ವಿಮಾನ ಇಲ್ಲ ಅನ್ನಿಸಬೇಕು. ಹುಟ್ಟಿದ್ದೂ ಅದೇ ಆಸೆಯಿಂದ. ಸ್ಪೇನ್ ದೇಶದ ಎಂಜಿನಿಯರ್ ಹುವಾನ್ ದೆ ಲಾ ಸಿಯೆರ್ವಾ ಕಟ್ಟಿದ ಮೂರು ಎಂಜಿನ್ನಿನ ದೊಡ್ಡ ವಿಮಾನವೊಂದು 1919ರಲ್ಲಿ ಪರೀಕ್ಷೆಯ ಹೊತ್ತಿಗೆ ಬಿದ್ದು ಹೋಯ್ತು. ಕಾರಣ ಸ್ಟಾಲ್. ಅಂದ್ರೆ ವೇಗ ಕಮ್ಮಿಯಾಗಿ ರೆಕ್ಕೆಗೆ ಎತ್ತುವ ಶಕ್ತಿ ತಪ್ಪೋದು. ವಿಮಾನ ನಿಧಾನ ಆದ್ರೂ ರೆಕ್ಕೆ ಮಾತ್ರ ವೇಗವಾಗಿ ಓಡ್ತಾ ಇರೋ ಹಾಗೆ ಮಾಡಿದ್ರೆ ಹೇಗೆ ಅಂತ ಅವರು ಯೋಚಿಸಿದರು. ರೆಕ್ಕೆಯನ್ನೇ ತಿರುಗಿಸಿಬಿಟ್ಟರು. ಮೊದಲಿನ ಯಂತ್ರಗಳು ಒಂದು ಪಕ್ಕಕ್ಕೆ ಮಗುಚಿಕೊಳ್ತಿದ್ದವು. ಪ್ರತಿ ಬ್ಲೇಡಿನ ಬುಡಕ್ಕೂ ಬಾಗಿಲಿಗೆ ಹಾಕೋ ಥರ ಒಂದು ಕೀಲು ಕೊಟ್ಟ ಮೇಲೆ ಸರಿ ಹೋಯ್ತು. 1923ರ ಜನವರಿಯಲ್ಲಿ ಮ್ಯಾಡ್ರಿಡ್ ಹತ್ತಿರ ಸಿ-4 ಅನ್ನೋ ಆಟೋಜೈರೋ ಹಾರಿತು. 1928ರಲ್ಲಿ ಇನ್ನೊಂದು ಮಾದರಿ ಇಂಗ್ಲಿಷ್ ಕಾಲುವೆಯನ್ನೇ ದಾಟಿತು. ಸಿಯೆರ್ವಾ ತೀರಿಕೊಂಡದ್ದು ಡಿಸೆಂಬರ್ 1936ರಲ್ಲಿ, ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದಿಂದ ಮಂಜಿನಲ್ಲಿ ಹೊರಟ ಪ್ಯಾಸೆಂಜರ್ ವಿಮಾನ ಅಪ್ಪಳಿಸಿ. ಮಾಮೂಲಿ ರೆಕ್ಕೆಯ ವಿಮಾನ ಅದು.

ಆಮೇಲೆ ಹೆಲಿಕಾಪ್ಟರ್ ಬಂತು, ದೊಡ್ಡ ಆಟೋಜೈರೋಗಳ ಕಾಲ ಮುಗೀತು. ಕಥೆ ಮತ್ತೆ ಶುರುವಾಗೋದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ಕೀವ್‌ನಲ್ಲಿ ಹುಟ್ಟಿ ಅಲ್ಲಿಗೆ ವಲಸೆ ಬಂದ ಇಗೊರ್ ಬೆನ್ಸನ್ ಅನ್ನೋ ಎಂಜಿನಿಯರ್ ಕೈಯಲ್ಲಿ. ಮೊದಲು ಎಂಜಿನ್ನೇ ಇಲ್ಲದ ಜೈರೋಗ್ಲೈಡರ್ ಮಾಡಿದರು. ಕಾರಿಗೆ ಹಗ್ಗ ಕಟ್ಟಿ ಎಳೆದ್ರೆ ಗಾಳಿಪಟದ ಹಾಗೆ ಏಳ್ತಿತ್ತು. ಡಿಸೆಂಬರ್ 1955ರಲ್ಲಿ ಅದಕ್ಕೆ ಎಂಜಿನ್ ಕೂರಿಸಿ ಹಾರಿಸಿದರು. ಸ್ವಲ್ಪ ಸಮಯದಲ್ಲೇ ಬಿ-8ಎಂ ಅನ್ನೋ ಪ್ರಸಿದ್ಧ ಮಾದರಿ ಬಂತು. ಅದರ ಮ್ಯಾಕ್‌ಕಲಕ್ ಎಂಜಿನ್ ಇದೆಯಲ್ಲ, ಸೈನ್ಯದವರು ಗುಂಡು ಹೊಡೆದು ಅಭ್ಯಾಸ ಮಾಡೋಕೆ ಹಾರಿಸ್ತಿದ್ದ ಡ್ರೋನಿಗೆ ಅಂತ ಮಾಡಿದ್ದು. 72 ಕುದುರೆ ಶಕ್ತಿ, ಟೂ ಸ್ಟ್ರೋಕ್. ನಮ್ಮ ಹಳೇ ಯೆಜ್ದಿ ಬೈಕಿನ ಜಾತಿ ಅಂದ್ಕೊಳ್ಳಿ.

ಬೆನ್ಸನ್ ಮಾರಿದ್ದು ಬರೀ ಯಂತ್ರ ಅಲ್ಲ, ನಕ್ಷೆ ಮತ್ತು ಕಿಟ್. ಮ್ಯಾಗಜೀನಿನಲ್ಲಿ ಜಾಹೀರಾತು ನೋಡಿ, ದುಡ್ಡು ಕಳಿಸಿ, ಪೋಸ್ಟಿನಲ್ಲಿ ನಕ್ಷೆ ತರಿಸಿಕೊಂಡು ಯಾರು ಬೇಕಾದ್ರೂ ಮನೇಲೇ ಕಟ್ಟಬಹುದು. ಮೆಕ್ಯಾನಿಕ್, ರೈತ, ಮೇಷ್ಟ್ರು, ಯಾರೇ ಆಗಲಿ. ವಿಮಾನ ಅನ್ನೋದು ಶ್ರೀಮಂತರ ಸ್ವತ್ತಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ನನಗೆ ಬೆನ್ಸನ್ ಬಗ್ಗೆ ಗೌರವ ಇರೋದು ಇದೇ ಕಾರಣಕ್ಕೆ.

ಆದ್ರೆ ನಾನು ಬಿಕಾಂ ಓದಿದವನು, ಬಿಲ್ ನೋಡಿದ್ರೆ ಅದರಲ್ಲಿ ಏನಿಲ್ಲ ಅಂತ ಹುಡುಕೋ ಅಭ್ಯಾಸ. ಈ ಬಿಲ್ಲಿನಲ್ಲಿ ತರಬೇತಿಯ ಖರ್ಚಿರಲಿಲ್ಲ. ಇರೋದೇ ಒಂದು ಸೀಟು, ಗುರುಗಳು ಎಲ್ಲಿ ಕೂರಬೇಕು? ಮೊದಲು ಹಗ್ಗ ಕಟ್ಟಿದ ಗ್ಲೈಡರಿನಲ್ಲಿ ಕಲೀರಿ, ಕೈ ಕುದುರಿದ ಮೇಲೆ ಎಂಜಿನ್ ಹಾಕಿ ಅಂತ ಬೆನ್ಸನ್ ದಾರಿ ತೋರಿಸಿದ್ದರು ನಿಜ. ಆದ್ರೆ ತಿಂಗಳುಗಟ್ಟಲೆ ಬೆವರು ಸುರಿಸಿ ಕಟ್ಟಿದ ಯಂತ್ರ ಶೆಡ್ಡಿನಲ್ಲಿ ನಿಂತಿರುವಾಗ ಎಷ್ಟು ಜನಕ್ಕೆ ಆ ತಾಳ್ಮೆ ಇರುತ್ತೆ ಹೇಳಿ.

ಜನ ಸತ್ತರು. ಹೊಸಬರು ಮಾತ್ರ ಅಲ್ಲ, ಸಾವಿರಾರು ಗಂಟೆ ವಿಮಾನ ಓಡಿಸಿದವರೂ ಸತ್ತರು. ಬ್ರಿಟನ್ನಿನಲ್ಲಿ ಕೆನ್ ವಾಲಿಸ್ ಅಂತ ಎರಡನೇ ಮಹಾಯುದ್ಧದ ಬಾಂಬರ್ ಪೈಲಟ್ ಇದ್ದರು, ಬೆನ್ಸನ್ ಮಾದರಿಯಿಂದ ಶುರು ಮಾಡಿ ತಮ್ಮದೇ ಜೈರೋ ಮಾಡಿದವರು. 1967ರ ಜೇಮ್ಸ್ ಬಾಂಡ್ ಸಿನಿಮಾದಲ್ಲಿ 'ಲಿಟಲ್ ನೆಲ್ಲಿ' ಅನ್ನೋ ಪುಟ್ಟ ಜೈರೋ ಬರುತ್ತಲ್ಲ, ಅದನ್ನ ನಿಜವಾಗಿ ಹಾರಿಸಿದ್ದು ಶಾನ್ ಕಾನರಿ ಅಲ್ಲ, ಈ ವಾಲಿಸ್. ಅವರು 97 ವರ್ಷ ಬದುಕಿದರು. ಆದ್ರೆ 1970ರ ಫಾರ್ನ್‌ಬರೋ ಏರ್ ಶೋನಲ್ಲಿ ಅವರದೇ ವಿನ್ಯಾಸದ ಜೈರೋ ಹಾರಿಸ್ತಿದ್ದ ಪೀ ವೀ ಜಡ್ಜ್ ಕೆಳಗೆ ಬಿದ್ದು ಪ್ರಾಣ ಬಿಟ್ಟರು. ಜಡ್ಜ್ ವೃತ್ತಿಯಿಂದಲೇ ಟೆಸ್ಟ್ ಪೈಲಟ್.

ಹಾಗಾದ್ರೆ ಅನುಭವಿಗಳಿಗೂ ಇದು ಯಾಕೆ ಕೈ ಕೊಡುತ್ತೆ? ಇದನ್ನ ಸ್ವಲ್ಪ ನಿಧಾನವಾಗಿ ನೋಡೋಣ.

ಜೈರೋದ ಪ್ರಾಣ ಇರೋದು ರೋಟರಿನ ಮೇಲಿನ ಭಾರದಲ್ಲಿ. ಭಾರ ತೂಗ್ತಾ ಇದ್ರೆ ಮಾತ್ರ ಅದು ಸರಿಯಾಗಿ ತಿರುಗುತ್ತೆ. ಮಾಮೂಲಿ ವಿಮಾನದ ಪೈಲಟ್ ಕಲಿತಿರೋದು ಏನು? ಮೂಗು ಮೇಲೆದ್ದು ವೇಗ ಕಮ್ಮಿಯಾಯ್ತಾ, ತಕ್ಷಣ ಸ್ಟಿಕ್ ಮುಂದಕ್ಕೆ ತಳ್ಳು. ವಿಮಾನದಲ್ಲಿ ಅದೇ ಜೀವ ಉಳಿಸೋದು. ಜೈರೋದಲ್ಲಿ ಜೋರಾಗಿ ತಳ್ಳಿದ್ರೆ ರೋಟರಿನ ಮೇಲಿನ ಭಾರ ಇದ್ದಕ್ಕಿದ್ದ ಹಾಗೆ ಇಳಿದು ಹೋಗುತ್ತೆ, ರೋಲರ್ ಕೋಸ್ಟರಿನಲ್ಲಿ ಸೀಟಿನಿಂದ ಮೇಲೆದ್ದ ಹಾಗೆ ಆಗುತ್ತಲ್ಲ, ಹಾಗೆ. ಆ ಕ್ಷಣ ರೋಟರ್ ನಿಧಾನ ಆಗೋಕೆ ಶುರು. ಆದ್ರೆ ಹಿಂದಿನ ಪ್ರೊಪೆಲ್ಲರ್ ಮಾತ್ರ ತಳ್ತಾನೇ ಇದೆ.

ಎಲ್ಲಿ ತಳ್ತಿದೆ ಅನ್ನೋದೇ ಪ್ರಶ್ನೆ. ಮನೇಲಿ ಕಬ್ಬಿಣದ ಬೀರು ಸರಿಸಿದ್ದೀರಲ್ಲ? ಕೆಳಗೆ ಕೈಯಿಟ್ಟು ತಳ್ಳಿದ್ರೆ ಜಾರುತ್ತೆ. ತಲೆ ಹತ್ತಿರ ತಳ್ಳಿದ್ರೆ ಮುಂದಕ್ಕೆ ಮಗುಚುತ್ತೆ. ಪ್ರೊಪೆಲ್ಲರ್ ತಳ್ಳುವ ಗೆರೆ ಇಡೀ ಯಂತ್ರದ ಗುರುತ್ವ ಕೇಂದ್ರಕ್ಕಿಂತ ಮೇಲಿದ್ರೆ ಜೈರೋ ಕೂಡ ಆ ಬೀರುವೇ. ರೋಟರ್ ಎಳೆದು ಹಿಡಿದಿರೋ ತನಕ ಗೊತ್ತಾಗಲ್ಲ. ಹಿಡಿತ ಸಡಿಲ ಆದ ಕೂಡಲೇ ಮೂಗಡಿಯಾಗಿ ಲಾಗ ಹೊಡೆಯುತ್ತೆ. ಒಂದೆರಡು ಸೆಕೆಂಡಿನ ಆಟ. ಸರಿಪಡಿಸೋಕೆ ಸಮಯವೂ ಇಲ್ಲ, ದಾರಿಯೂ ಇಲ್ಲ. ಪೈಲಟ್ ತಪ್ಪು ಮಾಡಲೇಬೇಕು ಅಂತಲೂ ಇಲ್ಲ, ಮೇಲಿಂದ ಬಡಿದ ಒಂದು ಗಾಳಿ ಸಾಕು.

ಬೆನ್ಸನ್ ಕಾಲದ ಪ್ರೊಪೆಲ್ಲರ್ ನಾಲ್ಕಡಿಯದ್ದು, ಹಾಗಾಗಿ ಎಂಜಿನ್ ತಗ್ಗಿನಲ್ಲೇ ಇತ್ತು, ಈ ತೊಂದರೆ ಅಷ್ಟಾಗಿ ಇರಲಿಲ್ಲ. 1980ರ ದಶಕದಲ್ಲಿ ರೋಟ್ಯಾಕ್ಸ್ ಥರದ ಒಳ್ಳೇ ಎಂಜಿನ್‌ಗಳು ಬಂದವು. ಗೇರ್ ಇಟ್ಟು ದೊಡ್ಡ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸಿದ್ರೆ ಹೆಚ್ಚು ತಳ್ಳುತ್ತೆ, ಸದ್ದೂ ಕಮ್ಮಿ. ಎಲ್ಲರಿಗೂ ಖುಷಿ. ಆದ್ರೆ ದೊಡ್ಡ ಪ್ರೊಪೆಲ್ಲರ್ ಕೆಳಗಿನ ಪೈಪಿಗೆ ತಾಗಬಾರದಲ್ಲ? ಎಂಜಿನ್ನನ್ನು ಮೇಲಕ್ಕೆ ಎತ್ತಿ ಕೂರಿಸಿದರು. ಪೈಲಟ್ ಸೀಟು ಇದ್ದಲ್ಲೇ, ಕೆಳಗೇ ಉಳೀತು. ಅಪ್‌ಗ್ರೇಡ್ ಅಂತ ಮಾಡಿದ್ದೇ ಬೀರುವಿನ ತಲೆಗೆ ಕೈಯಿಟ್ಟ ಹಾಗಾಯ್ತು.

ಬ್ರಿಟನ್ನಿನಲ್ಲಿ 1989ರಿಂದ 1991ರ ನಡುವೆ ಜೈರೋಗಳ ಸಾವಿನ ಅಪಘಾತದ ಪ್ರಮಾಣ ಸಾವಿರ ಹಾರಾಟದ ಗಂಟೆಗೆ 6. ಅದೇ ಸುಮಾರಿಗೆ ಉಳಿದ ಸಣ್ಣ ಖಾಸಗಿ ವಿಮಾನಗಳೆಲ್ಲ ಸೇರಿ ಸಾವಿರ ಗಂಟೆಗೆ 0.015. ಕ್ಯಾಲ್ಕ್ಯುಲೇಟರ್ ಒತ್ತಿ ನೋಡಿ, 400 ಪಟ್ಟು.

ಇಂಥ ಅಪಘಾತ ಆದಾಗಲೆಲ್ಲ ಸುಲಭವಾಗಿ ಸಿಗೋ ಉತ್ತರ 'ಪೈಲಟ್ ಎಡವಟ್ಟು'. ಸತ್ತವನು ಎದ್ದು ಬಂದು ವಾದ ಮಾಡಲ್ಲ. ಪೂರ್ತಿ ಸುಳ್ಳಲ್ಲ ಅದು, ತರಬೇತಿ ಇಲ್ಲದೆ ಹಾರಿದವರು ಬೇಕಾದಷ್ಟು ಜನ. ಆದ್ರೆ ಒಂದೇ ತಪ್ಪನ್ನು ಇಷ್ಟು ಜನ ಮಾಡ್ತಿದ್ದಾರೆ ಅಂದ್ರೆ ಆ ತಪ್ಪಿನಲ್ಲಿ ಯಂತ್ರದ ಪಾಲೂ ಇದೆ ಅಂತಲೇ ನಾನು ಓದ್ಕೊಳ್ಳೋದು.

ಅದನ್ನ ಅಳೆದು ತೋರಿಸಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದವರು. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಕೊಟ್ಟ ಕೆಲಸ. ಸ್ಟುವರ್ಟ್ ಹೂಸ್ಟನ್, ಡಗ್ಲಸ್ ಥಾಮ್ಸನ್ ಮುಂತಾದವರು ವಿಂಡ್ ಟನಲ್ ಪರೀಕ್ಷೆ, ಕಂಪ್ಯೂಟರ್ ಮಾದರಿ, ಉಪಕರಣ ಕಟ್ಟಿದ ನಿಜವಾದ ಜೈರೋ ಹಾರಾಟ, ಎಲ್ಲ ಮಾಡಿದರು. ಬಾಲಕ್ಕೆ ಅಡ್ಡ ರೆಕ್ಕೆ ಹಾಕಿದ್ರೆ ಸಾಕು ಅಂತ ಹವ್ಯಾಸಿಗಳಲ್ಲಿ ದೊಡ್ಡ ನಂಬಿಕೆ ಇತ್ತು, ಈಗಲೂ ಇದೆ. ಗ್ಲಾಸ್ಗೋದವರ ಉತ್ತರ ಬೇರೆ. ಎಲ್ಲಕ್ಕಿಂತ ಮುಖ್ಯ ಪ್ರೊಪೆಲ್ಲರ್ ಗೆರೆಗೂ ಗುರುತ್ವ ಕೇಂದ್ರಕ್ಕೂ ಇರುವ ಎತ್ತರದ ಅಂತರ. ಅದು ಮೇಲೆ ಕೆಳಗೆ ಎರಡು ಇಂಚಿನೊಳಗೆ ಇರಬೇಕು ಅಂತ ಬ್ರಿಟನ್ ನಿಯಮ ಮಾಡಿತು. ಅದಕ್ಕಿಂತ ಹೆಚ್ಚಿದ್ದ ಹಳೇ ಒಂಟಿ ಸೀಟಿನ ಯಂತ್ರಗಳಿಗೆ 2005ರಲ್ಲಿ ವೇಗದ ಮಿತಿ, ಗಾಳಿಯ ಮಿತಿ ಬಂತು.

ಈಗ ಕಾರ್ಖಾನೆಯಿಂದ ಬರೋ ಎರಡು ಸೀಟಿನ ಜೈರೋಗಳಿವೆ. ಗುರು ಪಕ್ಕದಲ್ಲೋ ಹಿಂದೆಯೋ ಕೂತು ಕಲಿಸಬಹುದು. ಮನೇಲಿ ಕಟ್ಟೋರೂ ಇನ್ನೂ ಇದ್ದಾರೆ. ಅಮೆರಿಕದಲ್ಲಿ 1982ರ ನಿಯಮದ ಪ್ರಕಾರ ಖಾಲಿ ತೂಕ ಸುಮಾರು 115 ಕೆಜಿಗಿಂತ ಕಮ್ಮಿ ಇರೋ ಒಂಟಿ ಸೀಟಿನದ್ದಕ್ಕೆ ಇವತ್ತಿಗೂ ಪೈಲಟ್ ಲೈಸೆನ್ಸೇ ಬೇಡ.

ಆ ಎರಡು ಇಂಚು ಅಳೆಯೋಕೆ ಲ್ಯಾಬ್ ಬೇಕಿಲ್ಲ. ಶೆಡ್ಡಿನ ತೊಲೆಗೆ ಜೈರೋವನ್ನು ನೇತು ಹಾಕ್ತಾರೆ, ಹಾರಿಸುವವರೇ ಸೀಟಿನಲ್ಲಿ ಕೂರ್ತಾರೆ, ತೂಗಿದ ಜಾಗದಿಂದ ತೂಕದ ದಾರ ಇಳಿಬಿಟ್ಟು ಚೌಕಟ್ಟಿನ ಮೇಲೆ ಚಾಕಿನಲ್ಲಿ ಗೆರೆ ಎಳೀತಾರೆ. ಆಮೇಲೆ ಇನ್ನೊಂದು ಜಾಗದಿಂದ ನೇತು ಹಾಕಿ ಇನ್ನೊಂದು ಗೆರೆ. ಎರಡೂ ಗೆರೆ ಸೇರೋ ಎತ್ತರವೇ ಗುರುತ್ವ ಕೇಂದ್ರ. ಅಲ್ಲಿಂದ ಪ್ರೊಪೆಲ್ಲರಿನ ನಡುಮಧ್ಯದ ಎತ್ತರಕ್ಕೆ ಟೇಪು ಹಿಡಿದು ನೋಡೋದು.