ಪ್ರಯೋಗಾಲಯದ ಇಲಿಗಳ ವಸತಿ ಮತ್ತು ವರ್ತನೆ: ಸಂಶೋಧನೆಯ ಇತಿಹಾಸ

ಪ್ರಯೋಗಾಲಯದ ಇಲಿ ಪರೀಕ್ಷೆಗೆ ಒಳಗಾಗುವುದು ದಿನದ ಅಲ್ಪಕಾಲ ಮಾತ್ರ. ಉಳಿದ ಹೊತ್ತೆಲ್ಲ ಅದರ ವಾಸ ಪಂಜರದಲ್ಲಿ. ಆದರೂ ಇಪ್ಪತ್ತನೆಯ ಶತಮಾನದ ಮೊದಲರ್ಧದ ಮನೋವಿಜ್ಞಾನ ಪಂಜರವನ್ನು ಬಹುಮಟ್ಟಿಗೆ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮನೆಯಲ್ಲಿ ಓಡಾಡಿಕೊಂಡು ಬೆಳೆದ ಇಲಿಗಳು ಪಂಜರದ ಇಲಿಗಳಿಗಿಂತ ಸಿಕ್ಕುದಾರಿಯ ಪರೀಕ್ಷೆಗಳನ್ನು ಚೆನ್ನಾಗಿ ಬಿಡಿಸುತ್ತವೆಂದು ಕೆನಡಾದ ಮನೋವಿಜ್ಞಾನಿ ಡೊನಾಲ್ಡ್ ಹೆಬ್ 1947ರಲ್ಲಿ ವರದಿ ಮಾಡಿದರು. 1958ರಲ್ಲಿ ಸಂಶೋಧಕರಾದ ಕೂಪರ್ ಮತ್ತು ಜುಬೆಕ್ ಇನ್ನೂ ಮುಂದೆ ಹೋದರು. ಆಯ್ದ ಸಂತಾನವರ್ಧನೆಯಿಂದ ರೂಪುಗೊಂಡಿದ್ದ, ಸಿಕ್ಕುದಾರಿ ಬಿಡಿಸುವುದರಲ್ಲಿ ಚುರುಕು ಮತ್ತು ಮಂದವಾದ ಎರಡು ತಳಿಗಳನ್ನು ಬರಿದಾದ ಪಂಜರದಲ್ಲಿ ಬೆಳೆಸಿದಾಗ ಚುರುಕು ತಳಿ ಮಂದ ತಳಿಯ ಮಟ್ಟಕ್ಕೆ ಇಳಿಯಿತು. ವೈವಿಧ್ಯವಿದ್ದ ಪಂಜರದಲ್ಲಿ ಮಂದ ತಳಿ ಚುರುಕು ತಳಿಯ ಸಮೀಪಕ್ಕೆ ಬಂತು. ತಳಿಗುಣವೆಂದು ಎಣಿಸಿದ್ದು ಒಂದು ಬಗೆಯ ವಸತಿಯಲ್ಲಷ್ಟೇ ಎದ್ದು ಕಾಣುವ ಗುಣವಾಗಿತ್ತು.

1960ರ ದಶಕದಲ್ಲಿ ಬರ್ಕ್ಲಿಯ ರೋಸೆನ್‌ಜ್ವೀಗ್, ಕ್ರೆಚ್, ಬೆನೆಟ್ ಮತ್ತು ಮೇರಿಯನ್ ಡೈಮಂಡ್ ಈ ಪ್ರಶ್ನೆಯನ್ನು ಮೆದುಳಿಗೆ ಒಯ್ದರು. ಒಂದೇ ಸೂಲಿನ ಮರಿಗಳಲ್ಲಿ ಕೆಲವನ್ನು ಆಟದ ವಸ್ತುಗಳಿದ್ದ ದೊಡ್ಡ ಪಂಜರದಲ್ಲಿ ಗುಂಪಾಗಿ, ಕೆಲವನ್ನು ಒಂಟಿಯಾಗಿ ಇರಿಸಿದರು. ಗುಂಪಿನಲ್ಲಿದ್ದವುಗಳ ಮೆದುಳಿನ ಹೊರಪದರ ಹೆಚ್ಚು ದಪ್ಪವಾಗಿತ್ತು. ಇದು ಕೇವಲ ಗದ್ದಲ, ಬೆಳಕು, ನೋಟಗಳ ಪರಿಣಾಮವಿರಬಹುದಲ್ಲವೇ ಎಂಬ ಆಕ್ಷೇಪಕ್ಕೆ 1975ರ ಪ್ರಯೋಗ ಉತ್ತರಿಸಿತು: ಅದೇ ದೊಡ್ಡ ಪಂಜರದೊಳಗಿನ ಪುಟ್ಟ ಗೂಡುಗಳಿಂದ ಸುಮ್ಮನೆ ನೋಡುತ್ತಿದ್ದ ಇಲಿಗಳ ಮೆದುಳಿನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಬದಲಾವಣೆಗೆ ಪರಿಸರದೊಡನೆ ನೇರ ಒಡನಾಟ ಬೇಕಿತ್ತು.

ವಸತಿಯ ಪರಿಣಾಮ ಕಲಿಕೆಗೆ ಸೀಮಿತವಲ್ಲ. ಇಲಿ ಏನನ್ನು ಬಯಸುತ್ತದೆ, ಎಷ್ಟು ನಿರೀಕ್ಷಿಸುತ್ತದೆ ಎಂಬುದನ್ನೂ ವಸತಿ ಪ್ರಭಾವಿಸುತ್ತದೆ. 2004ರಲ್ಲಿ ಹಾರ್ಡಿಂಗ್, ಪಾಲ್ ಮತ್ತು ಮೆಂಡ್ಲ್, ಒಂದು ಸ್ವರ ಕೇಳಿದರೆ ಆಹಾರಕ್ಕಾಗಿ ಸನ್ನೆಕೋಲು ಒತ್ತಲು, ಇನ್ನೊಂದು ಕೇಳಿದರೆ ಅಹಿತಕರ ಸದ್ದನ್ನು ತಪ್ಪಿಸಲು ಸುಮ್ಮನಿರಲು ಇಲಿಗಳಿಗೆ ಕಲಿಸಿದರು. ಎರಡರ ನಡುವಿನ ಅಸ್ಪಷ್ಟ ಸ್ವರ ಆಹಾರದ ಸ್ವರಕ್ಕೆ ಹತ್ತಿರವಿದ್ದಾಗಲೂ, ಮುನ್ಸೂಚನೆಯಿಲ್ಲದೆ ಬದಲಾಗುತ್ತಿದ್ದ ವಸತಿಯಲ್ಲಿದ್ದ ಇಲಿಗಳು ತಡವಾಗಿ, ಕಡಿಮೆ ಸಲ ಸನ್ನೆಕೋಲು ಒತ್ತಿದವು; ಅಂದರೆ ಅವುಗಳ ನಿರೀಕ್ಷೆ ಕುಗ್ಗಿತ್ತು. ಬಯಕೆಯ ವಿಷಯಕ್ಕೆ ಬಂದರೆ, ಬ್ರೂಸ್ ಅಲೆಗ್ಸಾಂಡರ್ ತಂಡದ 1978ರ 'ರ‍್ಯಾಟ್ ಪಾರ್ಕ್' ಪ್ರಯೋಗದಲ್ಲಿ ಒಂಟಿ ಇಲಿಗಳು ಗುಂಪಿನವಕ್ಕಿಂತ ಹೆಚ್ಚು ವ್ಯಸನಕಾರಿ ಮಾರ್ಫಿನ್ ದ್ರಾವಣ ಕುಡಿದವು. ಆದರೆ ಇದೇ ಫಲಿತಾಂಶ ಮುಂದಿನ ಎಲ್ಲ ಮರುಪ್ರಯೋಗಗಳಲ್ಲಿ ಸಿಗಲಿಲ್ಲ. ಆದ್ದರಿಂದ ಒಳ್ಳೆಯ ವಸತಿಯೊಂದೇ ವ್ಯಸನ ತಡೆಯುತ್ತದೆಂದು ಹೇಳಲಾಗದು. ವಸತಿಯನ್ನು ಅಳೆಯದೆ ವ್ಯಸನವನ್ನು ವಿವರಿಸಲೂ ಆಗದು.

ಪಂಜರಕ್ಕೆ ವೈವಿಧ್ಯ ತಂದರೆ ಫಲಿತಾಂಶಗಳು ಚೆದುರಿ ಪ್ರಯೋಗದ ನಿಖರತೆ ಕೆಡುತ್ತದೆಂಬುದು ಹಳೆಯ ಆಕ್ಷೇಪ. 2004ರಲ್ಲಿ ವೋಲ್ಫರ್, ವ್ಯುರ್ಬೆಲ್ ಮತ್ತಿತರರು ಮೂರು ಪ್ರಯೋಗಾಲಯಗಳಲ್ಲಿ ಚುಂಡಿಲಿಗಳ ಮೇಲೆ ಪರೀಕ್ಷಿಸಿದಾಗ ಅಂಥ ಚೆದುರುವಿಕೆ ಕಾಣಲಿಲ್ಲ. 'ಸಮೃದ್ಧ' ಪಂಜರವೂ ಬಯಲಿನ ಬದುಕಿನ ಮುಂದೆ ಕೊರತೆಯದ್ದೇ, ಆದ್ದರಿಂದ ಕಂಡದ್ದು ಸಮೃದ್ಧಿಯ ಲಾಭವಲ್ಲ, ಕೊರತೆಯ ನಷ್ಟ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಅದನ್ನು ಒಪ್ಪಿದರೆ ಬರಿದಾದ ಪಂಜರವನ್ನು ತಟಸ್ಥ ಮಾನದಂಡವೆಂದು ನಂಬಲು ಆಧಾರ ಉಳಿಯುವುದಿಲ್ಲ. ಪ್ರಯೋಗದ ವರದಿಯಲ್ಲಿ ಔಷಧದ ಪ್ರಮಾಣದಷ್ಟೇ ಖಚಿತವಾಗಿ ಪಂಜರದ ವಿವರವೂ ಇರಬೇಕೆಂಬ ಬೇಡಿಕೆಗೆ ಇದೇ ಬಲವಾದ ಸಮರ್ಥನೆ.